ಗಿಡ್ಡಕ್ಕನ ಮೊಣಕೈ

ನಾವು ಒಳಗೆ ಕಾಲಿಟ್ಟಿದ್ದೇ ತಡ, ಶೋರೂಮಿನ ಸೇಲ್ಸ್‌ನವನು ಮೇಜಿನ ಕೆಳಗಿಂದ ಸೆಂಟಿನ ಡಬ್ಬಿ ತೆಗೆದು ಗಾಳಿಗೆ ಹೊಡೆದ. ಮೊದಲು ಬಾಗಿಲ ಕಡೆಗೆ, ಆಮೇಲೆ ನಮ್ಮ ಕಾಲ ಕಡೆಗೆ. ಅಲ್ಲೇ ನಾನು ಅವನಿಗೆ ಸೆಂಟಣ್ಣ ಅಂತ ಹೆಸರಿಟ್ಟೆ. ಅವನ ಅಂಗಿಯ ಮೇಲೆ ಬೇರೇನೋ ಹೆಸರು ಬರೆದಿತ್ತು. ಇರಲಿ. ಅವನೂ ನಮ್ಮ ಹೆಸರು ಕೇಳಲಿಲ್ಲ.

ಅವತ್ತು ನಾವು ಕೆಲಸದಿಂದ ನೇರ ಬಂದವರೇನಲ್ಲ. ರಜೆ ಹಾಕಿ, ಸೋಪು ತಿಕ್ಕಿ ಸ್ನಾನ ಮಾಡಿ, ಪೆಟ್ಟಿಗೆಯಲ್ಲಿ ಮಡಿಸಿಟ್ಟ ಬಟ್ಟೆ ಹಾಕಿಕೊಂಡು ಬಂದಿದ್ದೆವು. ನನ್ನ ಅತ್ತೆಯಂತೂ ಮದುವೆಗೆ ಹೊರಟವರ ಹಾಗೆ ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡಿದ್ದರು. ಆದರೂ ಅವನ ಮೂಗಿಗೆ ನಾವು ಕಸದವರು. ಹಿಂದಿನ ದಿನ ಫೋನ್ ಮಾಡಿ, ‘ಕಸದ ಗಾಡಿ ಬೇಕು, ನಾಳೆ ಬರ್ತೀವಿ’ ಎಂದು ಹೇಳಿದ್ದೇ ತಪ್ಪಾಯಿತು. ನಮ್ಮ ವಾಸನೆ ಫೋನಿನಲ್ಲೇ ಹೋಗಿ ಅವನನ್ನು ಮುಟ್ಟಿತ್ತು.

ಗೋಡೆಯ ಪಕ್ಕ ಕೆಂಪು ಬಣ್ಣದ ದೊಡ್ಡ ಸೋಫಾ ಇತ್ತು. ನಾವು ಅತ್ತ ನಡೆದೆವು. ಸೆಂಟಣ್ಣ ಅಡ್ಡ ಬಂದು, “ಅಲ್ಲಿ ಬೇಡ, ಇಲ್ಲಿ ಗಾಳಿ ಚೆನ್ನಾಗಿದೆ” ಎಂದು ಬಾಗಿಲ ಹತ್ತಿರ ಪ್ಲಾಸ್ಟಿಕ್ ಕುರ್ಚಿ ಹಾಕಿಸಿದ. ಗಾಳಿ ಯಾರಿಗೆ ಚೆನ್ನಾಗಿರುತ್ತದೆ ಎಂದು ನಾನು ಕೇಳಲಿಲ್ಲ. ಬೆಲೆ ಇಳಿಸಿಕೊಳ್ಳುವ ಮೊದಲು ಜಗಳ ತೆಗೆಯಬಾರದು ಎಂದು ಅತ್ತೆ ದಾರಿಯುದ್ದಕ್ಕೂ ಹೇಳಿಕೊಟ್ಟಿದ್ದರು.

ನಾವು ಐದು ಜನ ಹೆಂಗಸರು. ಅತ್ತೆ, ನಾನು, ನನ್ನ ಅಕ್ಕ, ಲಂಬು, ಲಂಬುವಿನ ಓರಗಿತ್ತಿ. ಮನೆ ಮನೆಯ ಕಸ ಎತ್ತುವುದು ನಮ್ಮ ಕೆಲಸ. ಅಕ್ಕನನ್ನು ಎಲ್ಲರೂ ಗಿಡ್ಡಕ್ಕ ಅನ್ನುತ್ತಾರೆ. ಅವಳು ಲಂಬುವಿನ ಪಕ್ಕ ನಿಂತರೆ ಅವಳ ತಲೆ ಲಂಬುವಿನ ಕಂಕುಳಿಗೆ ಬರುತ್ತದೆ. ಲಂಬು ಅವಳನ್ನು ಊರುಗೋಲು ಎಂದು ಕರೆದು ಬೈಸಿಕೊಳ್ಳುತ್ತಾಳೆ.

ಅಲ್ಲಿಯವರೆಗೂ ನಾವು ಎತ್ತಿ ಸುರಿದದ್ದೆಲ್ಲ ಕಂಟ್ರಾಕ್ಟರನ ಲಾರಿಗೆ. ಆ ಲಾರಿಯ ಗೋಡೆ ನಮ್ಮ ತಲೆಗಿಂತ ಮೇಲೆ. ಡಬ್ಬವನ್ನು ಮೊದಲು ಮೊಣಕಾಲಿಗೆ ತರಬೇಕು. ಮೊಣಕಾಲಿನಿಂದ ಹೊಟ್ಟೆಗೆ, ಹೊಟ್ಟೆಯಿಂದ ಎದೆಗೆ, ಎದೆಯಿಂದ ತಲೆಯ ಮೇಲಕ್ಕೆ. ಅಲ್ಲಿ ಬಗ್ಗಿಸಿದರೆ ಕಸ ಲಾರಿಗೆ ಬೀಳುತ್ತದೆ, ಕಸದ ನೀರು ನಮಗೆ ಬೀಳುತ್ತದೆ. ಮುಖದ ಮೇಲೆ ಬೀಳುತ್ತದೆ. ತೋಳಿನೊಳಗೆ ಇಳಿದು ಕಂಕುಳಿಗೆ ಬರುತ್ತದೆ. ಆ ಹೊತ್ತಿನಲ್ಲಿ ಬಾಯಿ ಮುಚ್ಚಿಕೊಂಡಿರಬೇಕು. ನನಗೆ ಬಾಯಿ ಮುಚ್ಚಿ ಅಭ್ಯಾಸವಿಲ್ಲ. ಹಾಗಾಗಿ ಊರಿನ ಎಲ್ಲ ಮನೆಗಳ ರುಚಿ ನೋಡಿದವಳು ನಾನೊಬ್ಬಳೇ.

ಗೋಡೆ ತಗ್ಗಿಸಿ ಎಂದು ಕಂಟ್ರಾಕ್ಟರನನ್ನು ಎಷ್ಟು ಸಲ ಕೇಳಿದೆವೋ. “ಲಾರಿ ನಿಮ್ಮಳತೆಗೆ ಹೊಲಿಸೋಕೆ ಅದೇನು ರವಿಕೆನಾ?” ಎಂದು ನಗುತ್ತಿದ್ದ. ಪಕ್ಕದಲ್ಲಿದ್ದ ಡ್ರೈವರನೂ ನಗುತ್ತಿದ್ದ. ಗಿಡ್ಡಕ್ಕ ಹಾರಿ ಹಾರಿ ಸುರಿಯುತ್ತಿದ್ದಳು.

ನನ್ನ ಹೊಟ್ಟೆಯಲ್ಲಿ ಮಗಳಿದ್ದಾಗ ನನ್ನ ಪಾಲಿನ ಡಬ್ಬವನ್ನೂ ಅವಳೇ ಎತ್ತಿದಳು. ನೀನು ಸುಮ್ಮನೆ ಪಕ್ಕದಲ್ಲಿ ನಡೆದು ಬಾ, ಮೇಲ್ವಿಚಾರಕ ಕಂಡರೆ ಡಬ್ಬ ಹಿಡಿದ ಹಾಗೆ ಮಾಡು, ಅಂದಿದ್ದಳು. ಮಗಳು ಹುಟ್ಟಿದಳು, ಅಕ್ಕನ ಬಲಭುಜ ಹೋಯಿತು. ಈಗ ಆ ಕೈ ಎದೆಯವರೆಗೆ ಬಂದು ನಿಲ್ಲುತ್ತದೆ. ಅಲ್ಲಿಂದ ಮೇಲಕ್ಕೆ ಏರುವುದಿಲ್ಲ. ತಲೆ ಬಾಚುವುದಕ್ಕೂ ಎಡಗೈಯೇ ಬೇಕು. ಲಾರಿಗೆ ಸುರಿಯುವಾಗ ನಮ್ಮಲ್ಲೊಬ್ಬರು ಅವಳ ಡಬ್ಬಕ್ಕೆ ಕೈ ಕೊಡಬೇಕಿತ್ತು.

ಆ ವರ್ಷ ನಗರ ಕಚೇರಿಯವರು ಹೊಸ ನಿಯಮ ತಂದರು. ಸ್ವಂತ ಗಾಡಿ ತಂದ ಗುಂಪಿಗೆ ಬೀದಿಗಳನ್ನು ನೇರವಾಗಿ ಕೊಡುತ್ತಾರಂತೆ, ಕಂಟ್ರಾಕ್ಟರ್ ಬೇಡವಂತೆ. ಆದರೆ ಗುಂಪಿನಲ್ಲಿ ಹೆಸರಿರುವ ಪ್ರತಿಯೊಬ್ಬರೂ ತಾವೇ ಡಬ್ಬ ಎತ್ತಲೇಬೇಕು. ಎತ್ತಲಾಗದವರ ಹೆಸರು ತೆಗೆದುಹಾಕುತ್ತಾರೆ. ಗಿಡ್ಡಕ್ಕನಿಗೆ ಗಂಡನಿಲ್ಲ, ಬೇರೆ ಕೆಲಸ ಕೊಡುವವರೂ ಇಲ್ಲ. ಗೋಡೆ ಅವಳ ಮೊಣಕೈ ಮಟ್ಟಕ್ಕಿದ್ದರೆ ಅವಳು ಎತ್ತಬಲ್ಲಳು. ಅದಕ್ಕಿಂತ ಮೇಲಿದ್ದರೆ ಅವಳ ಕೆಲಸ ಮುಗಿಯಿತು. ಇಷ್ಟೇ ವಿಷಯ. ಆದ್ದರಿಂದಲೇ ಸಿದ್ಧ ಗಾಡಿ ಬೇಡ, ಹೇಳಿ ಮಾಡಿಸಿದ್ದು ಬೇಕು ಎಂದು ಶೋರೂಮಿಗೆ ಬಂದಿದ್ದೆವು. ಡ್ರೈವಿಂಗ್ ನಾನು ಕಲಿತಾಗಿತ್ತು.

“ಮೂರು ಚಕ್ರದ್ದು, ಹಿಂದೆ ತೊಟ್ಟಿ. ತೊಟ್ಟಿ ಗೋಡೆ ಇವಳ ಮೊಣಕೈಗೆ ಬರಬೇಕು” ಎಂದೆ.

ಸೆಂಟಣ್ಣ ಬೆಲೆ ಹೇಳಿದ. ಲಂಬು ಕುರ್ಚಿಯಲ್ಲೇ ಕುಗ್ಗಿ ಗಿಡ್ಡಕ್ಕನಷ್ಟಾದಳು.

“ಸ್ಪೆಷಲ್ ಆರ್ಡರ್ ಅಲ್ವಾ” ಎಂದ ಅವನು. “ಗೋಡೆ ಗಿಡ್ಡ ಮಾಡಬೇಕು ಅಂದ್ರೆ ಎಕ್ಸ್‌ಟ್ರಾ ಆಗುತ್ತೆ.”

“ತಗಡು ಕಡಿಮೆ, ದುಡ್ಡು ಜಾಸ್ತಿನಾ? ತೋಳಿಲ್ಲದ ಅಂಗಿ ಹೊಲಿಸಿದ್ರೆ ದರ್ಜಿ ಜಾಸ್ತಿ ಕೇಳ್ತಾನಾ?”

“ಅದು ಹಾಗಲ್ಲಮ್ಮ. ಡಿಸೈನ್ ಬದಲಾಗುತ್ತೆ.”

“ವಾರಂಟಿ?”

“ಇಂಜಿನ್‌ಗೆ ಇದೆ. ತೊಟ್ಟಿಗಿಲ್ಲ. ಕಸದ ನೀರು ಬಿದ್ದು ತಗಡು ತುಕ್ಕು ಹಿಡಿದ್ರೆ ಅದಕ್ಕೆ ಕಂಪನಿ ಜವಾಬ್ದಾರಿ ಅಲ್ಲ.”

“ಕಸದ ಗಾಡಿಗೆ ಕಸದ ನೀರು ಬೀಳದೆ ಪನ್ನೀರು ಬೀಳುತ್ತಾ? ಅಥವಾ ಆ ನಿಮ್ಮ ಡಬ್ಬೀಲಿರೋದು ಹೊಡೀತಾ ಇದ್ರೆ ವಾರಂಟಿ ಇರುತ್ತೋ?”

ಸೆಂಟಣ್ಣ ಡಬ್ಬಿಯನ್ನು ಮೆಲ್ಲಗೆ ಮೇಜಿನ ಕೆಳಗೆ ಸರಿಸಿದ. ಅತ್ತೆ ನನ್ನ ತೊಡೆ ಚಿವುಟಿದರು.

ಆಮೇಲೆ ಅತ್ತೆಯ ಆಟ ಶುರುವಾಯಿತು. ಅತ್ತೆಗೆ ಮಾತಿಗಿಂತ ಎದ್ದು ಹೊರಡುವುದು ಚೆನ್ನಾಗಿ ಬರುತ್ತದೆ. ಅವರು ಎದ್ದರೆ ತರಕಾರಿಯವನು ತಾನೇ ತಕ್ಕಡಿ ಹಿಡಿದು ಹಿಂದೆ ಬರುತ್ತಾನೆ. ಅವತ್ತೂ ಎದ್ದರು. ನಾವೂ ಎದ್ದೆವು. ಬಾಗಿಲು ದಾಟುವಷ್ಟರಲ್ಲಿ ಸೆಂಟಣ್ಣ ಕರೆದ. ಬಂದು ಕೂತೆವು. ಸ್ವಲ್ಪ ಇಳಿಸಿದ. ಮತ್ತೆ ಎದ್ದೆವು, ಮತ್ತೆ ಕರೆದ. ಹೀಗೆ ಎದ್ದು ಕೂತು ಎದ್ದು ಕೂತು ಲಂಬುವಿನ ಓರಗಿತ್ತಿಗೆ ಮಂಡಿ ನೋವು ಬಂತು. ಕೊನೆಗೆ ಎಕ್ಸ್‌ಟ್ರಾ ಹೋಯಿತು. ಇಂಜಿನ್‌ಗೆ ಎಷ್ಟು ದಿನದ ವಾರಂಟಿಯೋ ತೊಟ್ಟಿಗೂ ಅಷ್ಟೇ ಎಂದಾಯಿತು. ಬೆಲೆ ಮಾತ್ರ ನಾನು ಕೇಳಿದಷ್ಟು ಇಳಿಯಲಿಲ್ಲ. ಅಡ್ವಾನ್ಸ್ ಕೊಟ್ಟೆವು.

“ಅಳತೆ ತಗೊಳ್ಳಿ” ಎಂದೆ.

ಹಿಂದಿನ ಶೆಡ್ಡಿನಿಂದ ಮೇಸ್ತ್ರಿ ಬಂದ. ತೊಟ್ಟಿ ಕಟ್ಟುವವನು ಅವನೇ. ಮೈತುಂಬ ಗ್ರೀಸು, ಅಂಗಿಯ ಬಣ್ಣ ಯಾವುದೆಂದು ಅವನ ಹೆಂಡತಿಗೂ ಗೊತ್ತಿರಲಿಕ್ಕಿಲ್ಲ. ಗಿಡ್ಡಕ್ಕ ಎದ್ದು ನಿಂತು, ಮೊಣಕೈ ಮಡಿಸಿ, ಫೋಟೋ ತೆಗೆಸಿಕೊಳ್ಳುವವಳ ಹಾಗೆ ಉಸಿರು ಹಿಡಿದಳು. ಮೇಸ್ತ್ರಿ ಹತ್ತಿರ ಬರಲಿಲ್ಲ. ಕಂಬದ ಪಕ್ಕ ನಿಂತು, ಒಂದು ಕೈಯಲ್ಲಿ ಮೂಗಿಗೆ ಕರವಸ್ತ್ರ ಹಿಡಿದು, ಇನ್ನೊಂದು ಕೈಯಲ್ಲಿ ಟೇಪನ್ನು ಗಾಳಿಯಲ್ಲಿ ಇಳಿಬಿಟ್ಟು, ಒಂದು ಕಣ್ಣು ಮುಚ್ಚಿ ನೋಡಿದ. “ಆಯ್ತು” ಎಂದು ಹೊರಟುಹೋದ.

ಹೊರಗೆ ಬಂದು ನಾವು ಅದನ್ನೇ ಆಡಿಕೊಂಡು ನಕ್ಕಿದ್ದೂ ನಕ್ಕಿದ್ದೇ. ಗಾಡಿ ನಮ್ಮದಾಗುವ ಖುಷಿಯಲ್ಲಿ ಅವಮಾನವೂ ತಮಾಷೆಯಾಗಿ ಕಂಡಿತ್ತು.

ಗಾಡಿ ರೆಡಿ ಎಂದು ಫೋನ್ ಬಂದ ದಿನ ಮತ್ತೆ ಸ್ನಾನ, ಮತ್ತೆ ಪೆಟ್ಟಿಗೆಯ ಬಟ್ಟೆ. ಗಿಡ್ಡಕ್ಕ ತನ್ನ ಡಬ್ಬವನ್ನೂ ಉಜ್ಜಿ ತೊಳೆದು ಕಂಕುಳಲ್ಲಿ ಇಟ್ಟುಕೊಂಡಿದ್ದಳು. “ಅದಕ್ಕೂ ಎಣ್ಣೆ ಹಚ್ಚಿ ಬಾಚಬೇಕಿತ್ತು” ಎಂದಳು ಲಂಬು. ಶೋರೂಮಿನಲ್ಲಿ ನಮಗೆ ಸ್ವಾಗತ ಸಿಕ್ಕಿತು. ಪುಸ್, ಪುಸ್.

ಗಾಡಿ ಹಸಿರು ಬಣ್ಣದ್ದು. ಬಿಸಿಲಿಗೆ ಹೊಳೆಯುತ್ತಿತ್ತು. ನನಗಂತೂ ಕಣ್ಣು ತುಂಬಿ ಬಂತು. ನಮ್ಮ ಮನೆತನದಲ್ಲಿ ಯಾರೂ ಹೊಸ ವಸ್ತು ಅಂತ ಇಷ್ಟು ದೊಡ್ಡದನ್ನು ಕಂಡವರಲ್ಲ. ಸೀಟಿಗೆ ಸುತ್ತಿದ ಪ್ಲಾಸ್ಟಿಕ್ಕನ್ನು ಮುಟ್ಟಿ ನೋಡುತ್ತಿದ್ದೆ. ಅಷ್ಟರಲ್ಲಿ ಹಿಂದಿನಿಂದ ಎಲ್ಲರ ಮಾತೂ ನಿಂತದ್ದು ಗೊತ್ತಾಯಿತು.

ಗಿಡ್ಡಕ್ಕ ತೊಟ್ಟಿಯ ಪಕ್ಕ ನಿಂತಿದ್ದಳು. ಗೋಡೆ ಅವಳ ಹಣೆಗೆ ಬಂದಿತ್ತು.

ಅವಳು ಡಬ್ಬ ಎತ್ತಿದಳು. ಖಾಲಿ ಡಬ್ಬ. ಎದೆಯವರೆಗೆ ಬಂತು. ಅಲ್ಲಿ ಕೈ ನಿಂತಿತು. ಎಡಗೈ ಕೊಟ್ಟು ತಳ್ಳಿದಳು, ಕುತ್ತಿಗೆಯ ನರ ಉಬ್ಬಿತು. ಡಬ್ಬ ಗೋಡೆಗೆ ಬಡಿದು ಸದ್ದಾಯಿತು.

“ಅಯ್ಯೋ, ಪೇಂಟು” ಎಂದ ಸೆಂಟಣ್ಣ.

ಅವನ ಕತ್ತಿನ ಪಟ್ಟಿ ಹಿಡಿಯಬೇಕೆನಿಸಿತು. ಬೈದೆ, ಬಾಯಿಗೆ ಬಂದದ್ದೆಲ್ಲ ಬೈದೆ. ಗದ್ದಲ ಕೇಳಿ ಒಳಗಿನ ಗಾಜಿನ ಕೋಣೆಯಿಂದ ಮ್ಯಾನೇಜರ್ ಬಂದರು. ಮೇಸ್ತ್ರಿಯನ್ನೂ ಕರೆಸಿದರು. ಬೇರೆ ಗಾಡಿಗಳ ಗೋಡೆ ಇದಕ್ಕಿಂತ ಎತ್ತರ, ಇದಕ್ಕೇ ಸ್ವಲ್ಪ ತಗ್ಗಿಸಿದ್ದೀನಿ ಎಂದ ಮೇಸ್ತ್ರಿ.

“ನೋಡಮ್ಮ” ಎಂದರು ಮ್ಯಾನೇಜರ್, ಸಮಾಧಾನದ ದನಿಯಲ್ಲಿ. “ಆಗಿದ್ದು ಆಗಿಹೋಯ್ತು. ಈಗ ಕತ್ತರಿಸಿದ್ರೆ ತೊಟ್ಟಿ ವಾರಂಟಿ ಹೋಗುತ್ತೆ, ಕತ್ತರಿಸೋ ಖರ್ಚೂ ನಿಮ್ಮ ಮೇಲೇ ಬೀಳುತ್ತೆ. ಹೀಗೇ ತಗೊಂಡು ಹೋಗೋದಾದ್ರೆ ಬೆಲೇಲಿ ನಾನೇ ಇಳಿಸಿಕೊಡ್ತೀನಿ.”

ಕ್ಯಾಲ್ಕುಲೇಟರ್ ಒತ್ತಿ ನಮ್ಮ ಕಡೆ ತಿರುಗಿಸಿದರು. ನಾನು ಅವತ್ತು ಬೆವರು ಸುರಿಸಿ ಕೇಳಿದ್ದಕ್ಕಿಂತಲೂ ಹೆಚ್ಚು ಇಳಿಸಿದ್ದರು. ಸುಳ್ಳೇಕೆ ಹೇಳಲಿ, ನನಗೂ ಆಸೆಯಾಯಿತು. ಲಂಬು ತನ್ನ ಓರಗಿತ್ತಿಯ ಕೈ ಹಿಡಿದುಕೊಂಡಳು. ಅತ್ತೆ ನೆಲ ನೋಡಿದರು.

ಗಿಡ್ಡಕ್ಕ ಎಲ್ಲರ ಮುಖ ಓದಿದಳು. “ತಗೊಳ್ರೇ” ಎಂದಳು. “ಗಾಡಿ ಚೆನ್ನಾಗಿದೆ. ನೀವು ನಾಲ್ಕು ಜನ ಎತ್ತಿ. ನಾನು ಬೇರೆ ಏನಾದ್ರೂ ನೋಡ್ಕೋತೀನಿ.”

“ಏನು ನೋಡ್ಕೋತೀಯ, ನಿನ್ನ ತಲೆ” ಎಂದೆ. ನನಗೆ ಅಳು ಬರುತ್ತಿತ್ತು, ಅದಕ್ಕೇ ಜೋರಾಗಿ ಹೇಳಿದೆ.

ಅದೇ ಹೊತ್ತಿಗೆ ಸೆಂಟಣ್ಣನಿಗೆ ಉಪಾಯ ಹೊಳೆಯಿತು. ಒಳಗೆ ಹೋಗಿ ಒಂದು ಪ್ಲಾಸ್ಟಿಕ್ ಸ್ಟೂಲ್ ತಂದ. “ಇದರ ಮೇಲೆ ನಿಂತು ಸುರೀಲಿ. ಪ್ರತಿ ಮನೆ ಮುಂದೆ ಇಳಿಸೋದು, ಹತ್ತೋದು, ಅಷ್ಟೇ. ಸ್ಟೂಲ್ ಫ್ರೀ” ಎಂದ. ದೂರದಲ್ಲೇ ನೆಲಕ್ಕಿಟ್ಟು ಕಾಲಿನಿಂದ ಅವಳ ಕಡೆಗೆ ತಳ್ಳಿದ. ಸ್ಟೂಲ್ ಜಾರಿಕೊಂಡು ಬಂದು ಗಿಡ್ಡಕ್ಕನ ಪಾದಕ್ಕೆ ತಗುಲಿ ನಿಂತಿತು.

ಅವಳು ಸ್ಟೂಲನ್ನು ನೋಡಿದಳು. ಅವನ ಕಾಲನ್ನು ನೋಡಿದಳು. ಆಮೇಲೆ ಡಬ್ಬ ಕೆಳಗಿಟ್ಟಳು.

“ಮೇಸ್ತ್ರಿ, ಅವತ್ತು ನನ್ನ ಅಳತೆ ಹೆಂಗೆ ತಗೊಂಡೆ, ನಿಮ್ಮ ಸಾಹೇಬ್ರಿಗೆ ಒಂದ್ಸಲ ತೋರಿಸು.”

ಮೇಸ್ತ್ರಿ ಅಂಗಿಗೆ ಕೈ ಒರೆಸಿಕೊಂಡ.

“ಮರೆತಿದ್ರೆ ನಾನೇ ತೋರಿಸ್ತೀನಿ.” ಗಿಡ್ಡಕ್ಕ ಕಂಬದ ಪಕ್ಕ ಹೋಗಿ ನಿಂತಳು. ಒಂದು ಕೈಯಲ್ಲಿ ಮೂಗು ಹಿಡಿದಳು. ಇನ್ನೊಂದು ಕೈಯಲ್ಲಿ ಇಲ್ಲದ ಟೇಪನ್ನು ಗಾಳಿಯಲ್ಲಿ ಇಳಿಬಿಟ್ಟಳು. ಒಂದು ಕಣ್ಣು ಮುಚ್ಚಿ, ಸೊಟ್ಟ ಮೂತಿ ಮಾಡಿ, “ಆಯ್ತು” ಎಂದಳು.

ಬಿಲ್ಲು ಬರೆಯುವ ಹುಡುಗಿ ಕಿಸಕ್ಕನೆ ನಕ್ಕು ಬಾಯಿ ಮುಚ್ಚಿಕೊಂಡಳು. ಗಾಡಿ ಕೊಳ್ಳಲು ಬಂದು ಕೂತಿದ್ದ ಒಬ್ಬ ಮುದುಕಪ್ಪ ಕೂಡ ನಕ್ಕರು. ಗಿಡ್ಡಕ್ಕ ನಗಲಿಲ್ಲ.

“ಸ್ಟೂಲೂ ಬೇಡ, ಇಳಿಸಿದ ದುಡ್ಡೂ ಬೇಡ” ಎಂದಳು. “ನನ್ನ ಕೈ ಹಿಡಿದು, ಮೊಣಕೈಗೆ ಟೇಪು ಇಟ್ಟು ಅಳೀರಿ. ಕಣ್ಣಲ್ಲಿ ಅಳೆದಿದ್ದು ಸಾಕು. ಮುಟ್ಟಿ ಅಳೆಯೋವರೆಗೂ ನಾನು ಇಲ್ಲಿಂದ ಏಳಲ್ಲ.”

ಹೇಳಿ ಹೋಗಿ ಕೆಂಪು ಸೋಫಾ ಮೇಲೆ ಕೂತುಬಿಟ್ಟಳು.

ಅವಳು ಕೂತ ಮೇಲೆ ನಮಗೇನು ಕೆಲಸ? ನಾನು ಹೋಗಿ ಅವಳ ಪಕ್ಕ ಕೂತೆ. ಲಂಬು ಮತ್ತು ಓರಗಿತ್ತಿ ಇನ್ನೊಂದು ಪಕ್ಕ ಕೂತರು. ಎಲ್ಲರಿಗಿಂತ ಕೊನೆಗೆ ಅತ್ತೆ ಬಂದರು. ಎದ್ದು ಹೊರಡುವುದರಲ್ಲಿ ಹೆಸರಾದ ನಮ್ಮ ಅತ್ತೆ ಅವತ್ತು ಗಟ್ಟಿಯಾಗಿ ಕೂತರು. ಸೋಫಾ ಎಷ್ಟು ಮೆತ್ತಗಿತ್ತೆಂದರೆ ಗಿಡ್ಡಕ್ಕನ ಕಾಲು ನೆಲ ಬಿಟ್ಟು ಮೇಲೆ ಬಂತು. “ಇದರಿಂದ ಏಳಬೇಕು ಅಂದ್ರೂ ನಮ್ಮ ಕೈಲಾಗಲ್ಲ ಬಿಡು” ಎಂದಳು ಲಂಬು.

“ಅಡ್ವಾನ್ಸ್ ವಾಪಸ್ ಬರಲ್ಲ” ಎಂದರು ಮ್ಯಾನೇಜರ್.

“ನಾವೂ ವಾಪಸ್ ಹೋಗಲ್ಲ” ಎಂದರು ಅತ್ತೆ.

“ಪೊಲೀಸ್‌ಗೆ ಫೋನ್ ಮಾಡಬೇಕಾಗುತ್ತೆ.”

“ಮಾಡಿ” ಎಂದೆ ನಾನು. “ಏನಂತ ಹೇಳ್ತೀರಿ? ಐದು ಜನ ಹೆಂಗಸರು ಸ್ನಾನ ಮಾಡಿ ಬಂದು ಸೋಫಾ ಮೇಲೆ ಕೂತಿದ್ದಾರೆ ಅಂತಾನಾ?”

ಸೆಂಟಣ್ಣ ಡಬ್ಬಿ ಹಿಡಿದು ನಿಂತಿದ್ದ. ಹೊಡೆಯಲೋ ಬೇಡವೋ ಅವನಿಗೆ ತಿಳಿಯಲಿಲ್ಲ. ಇನ್ನಿಬ್ಬರು ಗಿರಾಕಿಗಳು ಬಂದರು, ನಮ್ಮನ್ನು ನೋಡಿದರು, ಬಾಗಿಲ ಹತ್ತಿರದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತರು. ಅಲ್ಲಿ ಗಾಳಿ ಚೆನ್ನಾಗಿದೆ ಎಂದು ನಾನು ಅವರಿಗೆ ಹೇಳಿದೆ. ಗಡಿಯಾರ ನೋಡಿ ನೋಡಿ ಮುದುಕಪ್ಪನಿಗೆ ಸಾಕಾಯಿತು.

“ಅಳೆದು ಕಳಿಸ್ರಯ್ಯಾ ಅತ್ಲಾಗೆ” ಎಂದು ರೇಗಿದರು. “ಒಂದು ಮೊಣಕೈ ಅಳೆಯೋಕೆ ಎಷ್ಟು ಹೊತ್ತು? ನನ್ನ ಬಿಲ್ಲು ಇನ್ನೂ ಆಗಿಲ್ಲ.”

ನಮ್ಮ ಮೇಲಿನ ಪ್ರೀತಿಯಿಂದೇನೂ ಅವರು ಹೇಳಲಿಲ್ಲ. ಆದರೂ ಕೆಲಸಕ್ಕೆ ಬಂತು. ಮ್ಯಾನೇಜರ್ ಮೇಸ್ತ್ರಿಯತ್ತ ಕಣ್ಣು ಬಿಟ್ಟರು. ಮೇಸ್ತ್ರಿ ಶೆಡ್ಡಿಗೆ ಹೋಗಿ ಟೇಪು ತಂದ. ಜೊತೆಗೆ ಕೈಗೆ ರಬ್ಬರಿನ ಗ್ಲೌಸ್ ಹಾಕಿಕೊಂಡು ಬಂದಿದ್ದ.

“ಅದನ್ನ ತೆಗಿ” ಎಂದಳು ಗಿಡ್ಡಕ್ಕ. “ಕಸ ಎತ್ತೋಕೆ ನಮಗೇ ಇಷ್ಟು ವರ್ಷ ಯಾರೂ ಗ್ಲೌಸ್ ಕೊಡಲಿಲ್ಲ. ನನ್ನ ಮೊಣಕೈ ಮುಟ್ಟೋಕೆ ನಿನಗೆ ಯಾಕೆ?”

ಅವನು ಮ್ಯಾನೇಜರನ್ನು ನೋಡಿದ. ಮ್ಯಾನೇಜರ್ ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದರು. ಮೇಸ್ತ್ರಿ ಗ್ಲೌಸ್ ಕಳಚಿದ. ಒಳಗಿನ ಕೈ ಇದ್ದಿಲಿನ ಹಾಗಿತ್ತು. ಉಗುರಿನ ಸಂದಿಗೆಲ್ಲ ಗ್ರೀಸು.

ಗಿಡ್ಡಕ್ಕನನ್ನು ಸೋಫಾದಿಂದ ಎಳೆದು ನಿಲ್ಲಿಸಿದೆವು. ಅವಳು ಚಪ್ಪಲಿ ಬಿಡಲಿಲ್ಲ, ಕೆಲಸಕ್ಕೆ ಹೋಗುವುದು ಚಪ್ಪಲಿ ಹಾಕಿಕೊಂಡೇ ಎಂದಳು. ಟೇಪಿನ ತುದಿಯನ್ನು ಕಾಲಿನಿಂದ ಒತ್ತಿ ಹಿಡಿದಳು. ಮೇಸ್ತ್ರಿ ಕುಕ್ಕರುಗಾಲಲ್ಲಿ ಕೂರಬೇಕಾಯಿತು. ಬರೀ ಕೈಯಿಂದ ಅವಳ ಬಲಮೊಣಕೈ ಹಿಡಿದ.

“ಇಷ್ಟು ಕೆಳಗಾ?” ಎಂದ.

“ನಾನು ಇರೋದೇ ಇಷ್ಟು.”

ಅವನು ಅಳತೆಯನ್ನು ಗಟ್ಟಿಯಾಗಿ ಓದಿದ. ಬಿಲ್ಲಿನ ಹುಡುಗಿ ಬರೆದುಕೊಂಡಳು. ಅವನು ಕೈ ತೆಗೆದಾಗ ಗಿಡ್ಡಕ್ಕನ ತೊಳೆದ ಮೊಣಕೈ ಮೇಲೆ ನಾಲ್ಕು ಬೆರಳಿನ ಕಪ್ಪು ಗುರುತು ಉಳಿದಿತ್ತು. ಗಿಡ್ಡಕ್ಕ ಕೈ ತಿರುಗಿಸಿ ನೋಡಿದಳು. ಮೂಸಿ ನೋಡಿದಳು. ಆಮೇಲೆ ಸೆಂಟಣ್ಣನ ಕಡೆ ಕೈ ಚಾಚಿದಳು.

“ಆ ಡಬ್ಬಿ ಕೊಡು ಸ್ವಲ್ಪ.”

ಅವನು ಕೊಟ್ಟ. ಕೊಡದೆ ಏನು ಮಾಡುತ್ತಾನೆ? ಗಿಡ್ಡಕ್ಕ ಮೊಣಕೈ ಮೇಲೆ ಪುಸ್ ಎಂದು ಹೊಡೆದುಕೊಂಡಳು. ಮೇಸ್ತ್ರಿಯ ಕಡೆಗೂ ಒಂದು ಹೊಡೆದಳು. ಮೇಸ್ತ್ರಿ ಕುಕ್ಕರುಗಾಲಲ್ಲೇ ಕೂತು ನೆಲ ನೋಡುತ್ತಿದ್ದ. ಕಿವಿ ಕೆಂಪಾಗಿತ್ತು.

“ಗ್ರೀಸು ಸೆಂಟಿಗೆ ಹೋಗಲ್ಲಕ್ಕ” ಎಂದ, ತಲೆ ಎತ್ತದೆ. “ಸೀಮೆಎಣ್ಣೆ ಬೇಕು. ತಂದುಕೊಡ್ತೀನಿ ಇರಿ.”

ತಂದೂ ಕೊಟ್ಟ, ಚಿಂದಿಯ ಜೊತೆಗೆ.

“ಈಗ ವಾರಂಟಿಗೆ ಬನ್ನಿ” ಎಂದೆ ನಾನು. “ತಪ್ಪು ಅಳತೆ ನಿಮ್ಮದು. ಕತ್ತರಿಸೋ ಖರ್ಚು ನಿಮ್ಮದು. ಕತ್ತರಿಸಿದ ಮೇಲೂ ತೊಟ್ಟಿ ವಾರಂಟಿ ಮೊದಲಿನಂತೆ. ಬಿಲ್ಲಿನ ಮೇಲೆ ಬರೆದು ಸಹಿ ಹಾಕಿ.”

ಮ್ಯಾನೇಜರ್ ಬರೆದರು. ಹಾಗೆಯೇ ಕ್ಯಾಲ್ಕುಲೇಟರಿನಲ್ಲಿದ್ದ ಆ ಇಳಿಸಿದ ಬೆಲೆಯನ್ನು ಅಳಿಸಿದರು. ಹಳೆಯ ಬೆಲೆಯೇ ನಿಂತಿತು. ಅದನ್ನು ನೆನೆದರೆ ನನ್ನ ಹೊಟ್ಟೆ ಈಗಲೂ ಉರಿಯುತ್ತದೆ. ದುಡ್ಡೂ ಬೇಡ ಅಂತ ಹೇಳೋ ಅಗತ್ಯ ಏನಿತ್ತೇ ಎಂದು ದಾರಿಯಲ್ಲಿ ಗಿಡ್ಡಕ್ಕನನ್ನು ಕೇಳಿದೆ. “ಮಾತಿನ ಭರದಲ್ಲಿ ಬಂದುಬಿಡ್ತು ಕಣೇ” ಎಂದಳು, ಅವಳಿಗೂ ಉರಿಯುತ್ತಿತ್ತು. ಅತ್ತೆ ಮಾತ್ರ ನಿಶ್ಚಿಂತೆಯಿಂದ ಇದ್ದರು. ಹೊರಡುವಾಗ ಸೆಂಟಣ್ಣನ ಮುಂದೆ ನಿಂತು, “ಸ್ಟೂಲ್ ಫ್ರೀ ಅಂದಿದ್ಯಲ್ಲಪ್ಪ” ಎಂದು ಕೇಳಿ ಅದನ್ನೂ ಎತ್ತಿಕೊಂಡು ಬಂದಿದ್ದರು. ಕೈಯಿಂದ ಎತ್ತಿ ಕೊಡು ಎಂದು ಹೇಳಿ, ಅವನ ಕೈಯಿಂದಲೇ ಇಸಿದುಕೊಂಡಿದ್ದರು. ಈಗ ಬೀದಿಯ ಕೊನೆಯಲ್ಲಿ ಚಹಾ ಕುಡಿಯುವಾಗ ಅತ್ತೆ ಕೂರುವುದು ಅದರ ಮೇಲೆಯೇ.

ಗೋಡೆ ಕತ್ತರಿಸಿದ ಗಾಡಿ ತಂದ ಮರುದಿನ ಬೆಳಿಗ್ಗೆ ಕೆಲಸ ಶುರು ಮಾಡಿದೆವು. ಎಲ್ಲರೂ ಡಬ್ಬ ಎತ್ತುತ್ತಾರಾ ಎಂದು ನೋಡಲು ನಗರ ಕಚೇರಿಯಿಂದ ಒಬ್ಬ ಬಂದು ಬೈಕಿನ ಮೇಲೆ ಕೂತಿದ್ದ. ಗೋಡೆ ಈಗ ಎಷ್ಟು ತಗ್ಗಿತ್ತೆಂದರೆ ಮೊದಲ ಡಬ್ಬ ಸುರಿದ ಲಂಬು ಸೊಂಟ ಹಿಡಿದುಕೊಂಡು ನಿಂತಳು.

“ಬಗ್ಗಬೇಕಲ್ಲೇ ಇದಕ್ಕೆ” ಎಂದು ಗೊಣಗಿದಳು.

“ಬಗ್ಗು” ಎಂದಳು ಗಿಡ್ಡಕ್ಕ. “ನಾನು ಇಷ್ಟು ವರ್ಷ ಹಾರಿಲ್ವಾ.”

ಮುಂದಿನ ಮನೆಯ ಡಬ್ಬ ಅವಳದು. ತುಂಬಿತ್ತು, ತಳದಲ್ಲಿ ನೀರು ಕುಲುಕುತ್ತಿತ್ತು. ನಾನು ಸ್ಟೇರಿಂಗ್ ಹಿಡಿದು ಕನ್ನಡಿಯಲ್ಲಿ ನೋಡುತ್ತಿದ್ದೆ. ಕಚೇರಿಯವನೂ ನೋಡುತ್ತಿದ್ದ. ಮೊಣಕಾಲಿಗೆ ತಂದಳು. ಹೊಟ್ಟೆಗೆ ತಂದಳು. ಡಬ್ಬದ ಅಂಚನ್ನು ಗೋಡೆಗೆ ಆನಿಸಿ ಬಗ್ಗಿಸಿದಳು. ಅಷ್ಟೇ. ಕಸ ಬಿತ್ತು, ನೀರೂ ತೊಟ್ಟಿಯೊಳಗೇ ಬಿತ್ತು. ಕಚೇರಿಯವನು ತಲೆಯಾಡಿಸಿ ಬೈಕ್ ಸ್ಟಾರ್ಟ್ ಮಾಡಿದ.

ಗಿಡ್ಡಕ್ಕ ಡಬ್ಬ ಕೆಳಗಿಟ್ಟು, ಎಂದಿನಂತೆ ಎಡತೋಳೆತ್ತಿ ಮುಖ ಒರೆಸಿಕೊಂಡಳು. ತೋಳು ನೋಡಿದಳು. ಇನ್ನೊಂದು ಸಲ ಒರೆಸಿ ನೋಡಿದಳು. ಮುಖ ಒಣಗಿಯೇ ಇತ್ತು.